ಆತಂಕ, ದುಃಖ, ಭಯದ ಬಗ್ಗೆ ವಿದ್ಯಾರ್ಥಿಗಳು ಮಾಡಿದ ಗೇಮ್‌ಗಳು: ಆಡಿದವರು, ಮಾಡಿದವರು ಮಾತಾಡೋಣ ಬನ್ನಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಮಲ್ಟಿಮೀಡಿಯಾ ಪಾಠ ಮಾಡುತ್ತೇನೆ. ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ಆತಂಕ, ಒಂಟಿತನ, ಪರೀಕ್ಷೆ ಭಯದ ಮೇಲೆ ಗೇಮ್ ಮಾಡುತ್ತೇವೆ ಎಂದು ಬರುವ ಮಕ್ಕಳು ಈಗ ಜಾಸ್ತಿ. ನನಗೆ ಇದರಲ್ಲಿ ತುಂಬಾ ಖುಷಿ ಇದೆ. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಇಲ್ಲಿ ಏನೋ ಹೇಳಲು ಹೊರಟಿದ್ದಾರೆ.

ಆದರೆ ಮೊದಲು ಬರುವ ಐಡಿಯಾ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಕಪ್ಪು ಬಣ್ಣದ ಒಂದು ರಾಕ್ಷಸ. ಅದರ ಹೆಸರು ಆತಂಕ. ಹೀರೋ ಅದಕ್ಕೆ ಗುಂಡು ಹೊಡೆಯುತ್ತಾನೆ, ಅದು ಸಾಯುತ್ತದೆ, ಪರದೆ ಮೇಲೆ "ನೀವು ಗೆದ್ದಿರಿ" ಎಂದು ಬರುತ್ತದೆ. ರಾಕ್ಷಸನ ಹೆಸರು ಬದಲಾಯಿಸಿದರೆ ಅದು ಬೇರೆ ಯಾವುದೇ ಶೂಟಿಂಗ್ ಗೇಮ್ ಆಗಬಹುದು. ಆತಂಕ ಇರುವವರ ದಿನ ಹಾಗಿರುವುದಿಲ್ಲ, ಅಲ್ವಾ?

ನಾನು ಮಕ್ಕಳಿಗೆ ಹೇಳುವುದು ಇಷ್ಟೇ. ಭಾವನೆ ಚಿತ್ರದಲ್ಲಿ, ಸಂಗೀತದಲ್ಲಿ ಇದ್ದರೆ ಸಾಲದು. ಆಟದ ನಿಯಮದಲ್ಲೇ ಇರಬೇಕು. ಆಡುವವರು ಏನು ಮಾಡಬಹುದು, ಏನು ಮಾಡಲು ಆಗುವುದಿಲ್ಲ, ಮಾಡಿದರೆ ಏನಾಗುತ್ತದೆ, ಇದರಲ್ಲೇ ಆತಂಕ ಕಾಣಬೇಕು.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 'ಇಲ್ಯೂಡ್'. 2010ರಲ್ಲಿ ಸಿಂಗಪುರ-ಎಂಐಟಿ ಗ್ಯಾಂಬಿಟ್ ಗೇಮ್ ಲ್ಯಾಬ್‌ನ ಬೇಸಿಗೆ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳ ತಂಡ ಮಾಡಿದ್ದು. ಜೊತೆಗಿದ್ದ ಸಂಶೋಧಕಿ ಡೋರಿಸ್ ರುಶ್. ವಿಷಯ ಖಿನ್ನತೆ. ಅದರಲ್ಲಿ ಒಂದು ಕಾಡಿದೆ, ಅದು ಮಾಮೂಲಿ ಮನಸ್ಥಿತಿ. ಹಕ್ಕಿಗಳನ್ನು ಕರೆದರೆ ಮೇಲೆ ಜಿಗಿಯಲು ಬಲ ಬರುತ್ತದೆ. ಮರಗಳ ತುದಿ ದಾಟಿದರೆ ಆಕಾಶ, ಅಲ್ಲಿ ಸಂತೋಷ. ಅಲ್ಲೇ ಉಳಿಯಲು ಆಗುವುದಿಲ್ಲ. ಮತ್ತೆ ಕಾಡಿಗೆ ಬರುತ್ತೀರಿ. ಕಾಡು ಮಸುಕಾಗುತ್ತದೆ, ನೆಲವೇ ನಿಮ್ಮನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಗುಂಡಿಯಲ್ಲಿ ನೀವು ಯಾವ ಕೀ ಒತ್ತಿದರೂ ಹೆಚ್ಚೇನೂ ಆಗುವುದಿಲ್ಲ.

ಆಟ ಚೆನ್ನಾಗಿ ಆಡಲಿಲ್ಲ ಎಂದು ಬಿದ್ದದ್ದಲ್ಲ. ಸುಮ್ನೆ ಬಿದ್ದಿರಿ. ಇದು ನಿಯಮದಲ್ಲೇ ಇದೆ. ಈ ಗೇಮನ್ನು ಮಾಡಿದ್ದು ಖಿನ್ನತೆ ಇರುವವರ ಮನೆಯವರಿಗೆ, ಗೆಳೆಯರಿಗೆ ಎನ್ನುವುದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. "ಎದ್ದು ನಾಲ್ಕು ಹೆಜ್ಜೆ ಓಡಾಡು, ಎಲ್ಲಾ ಸರಿ ಹೋಗುತ್ತೆ" ಎಂದು ಪ್ರೀತಿಯಿಂದಲೇ ಹೇಳುವವರಿಗೆ.

ನೀವು ಆಡಿದ್ದು, ಮಾಡಿದ್ದು ಯಾವುದಾದರೂ ಇದ್ದರೆ ಬರೆಯಿರಿ. ವಿದ್ಯಾರ್ಥಿಗಳು ಮಾಡಿದ್ದಾದರೆ ಇನ್ನೂ ಒಳ್ಳೆಯದು.

ಸೂಜಿಮಲ್ಲಿಗೆ

ಮೇಡಂ, ನಮ್ಮೂರು ಮೈಸೂರು, ಈಗ ಇರುವುದು ಶಿಕಾಗೋದಲ್ಲಿ. ಡೋರಿಸ್ ರುಶ್ ಆಮೇಲೆ ಇಲ್ಲಿನ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಬಂದರು. ಸಾಕ್ಷ್ಯಚಿತ್ರ ಮಾಡುವ ಅನುರಾಧಾ ರಾಣಾ ಅವರ ಜೊತೆ ಸೇರಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 'ಫಾರ್ ದ ರೆಕಾರ್ಡ್ಸ್' ಎಂಬ ಯೋಜನೆ ಮಾಡಿದರು. 2013ರ ಹೊತ್ತಿನದು. ಮಾನಸಿಕ ಕಾಯಿಲೆ ಜೊತೆ ಬದುಕುತ್ತಿರುವ ಯುವಜನರ ಬಗ್ಗೆ ಕಿರುಚಿತ್ರ, ಅನಿಮೇಷನ್, ಗೇಮ್ ಎಲ್ಲ ಸೇರಿದ ಕೆಲಸ ಅದು.

ಅದರಲ್ಲಿ ಒಸಿಡಿ (ಬೇಡದ ಯೋಚನೆ ಬಂದು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಬಗ್ಗೆ ಇರುವ 'ಇನ್‌ಟು ಡಾರ್ಕ್‌ನೆಸ್' ನೀವು ಹೇಳಿದ್ದಕ್ಕೆ ಸರಿಯಾದ ಉದಾಹರಣೆ. ಒಂದು ಚಕ್ರವ್ಯೂಹ. ದಾರಿ ಹುಡುಕುತ್ತಾ ಹೋದ ಹಾಗೆ ಸುತ್ತ ಕತ್ತಲೆ ಮುತ್ತಿಕೊಳ್ಳುತ್ತದೆ. ಒಂದು ಆಚರಣೆಯಿದೆ, ನಿಂತ ಕಡೆಯೇ ಸುತ್ತು ಹಾಕುವುದು. ಸುತ್ತು ಹಾಕಿದರೆ ಕತ್ತಲೆ ಹಿಂದೆ ಸರಿಯುತ್ತದೆ. ಎಂಥ ನಿರಾಳ! ಆದರೆ ನಾಲ್ಕು ಹೆಜ್ಜೆ ಮುಂದೆ ಹೋದರೆ ಕತ್ತಲೆ ಮತ್ತೆ ಬರುತ್ತದೆ. ಮತ್ತೆ ಸುತ್ತು. ಮತ್ತೆ ಕತ್ತಲೆ. ಹೊರಗೆ ಹೋಗುವ ದಾರಿ ಸಿಗುವುದೇ ಇಲ್ಲ.

ಹೊರಬರಲು ಇರುವುದು ಒಂದೇ ದಾರಿ. ಸುತ್ತು ಹಾಕುವುದನ್ನು ಬಿಟ್ಟು ಕತ್ತಲೆಯನ್ನು ಮೈಮೇಲೆ ಬರಲು ಬಿಡಬೇಕು. ಅದನ್ನು ತಡೆದುಕೊಂಡೇ ನಡೆಯಬೇಕು.

ಇದನ್ನು ಯಾರೂ ಪರದೆ ಮೇಲೆ ಬರೆದು ಹೇಳುವುದಿಲ್ಲ. ಆಡುವವರ ಬೆರಳಿಗೇ ಗೊತ್ತಾಗಬೇಕು. ನನ್ನ ತಂಗಿಗೆ ಒಸಿಡಿ ಇದೆ. ಬಾಗಿಲು ಹಾಕಿದ್ದೇನಾ ಎಂದು ಎದ್ದು ಹೋಗಿ ನೋಡುತ್ತಲೇ ಇರುತ್ತಾಳೆ. "ಒಂದು ಸಲ ನೋಡಿದೆಯಲ್ಲ, ಸಾಕು" ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದೆವು. ನೋಡುವುದರಿಂದಲೇ ಅದು ಬೆಳೆಯುತ್ತದೆ, ನೋಡದೆ ಕೂರುವುದು ಎಷ್ಟು ಭಯಂಕರ, ಎರಡೂ ನನಗೆ ಆಟದಲ್ಲಿ ಒಟ್ಟಿಗೆ ತಿಳಿದವು.

ಇನ್ನೊಂದು ವಿಷಯ. ಆ ಕಾಯಿಲೆಗಳ ಅನುಭವ ಇದ್ದವರ ಜೊತೆ ಕೂತು, ಅವರನ್ನು ಕೇಳಿ ಕೇಳಿ ಆ ಗೇಮ್‌ಗಳನ್ನು ರೂಪಿಸಿದರು. ನಿಮ್ಮ ವಿದ್ಯಾರ್ಥಿಗಳಿಗೂ ಅದನ್ನೇ ಹೇಳಿ. ಗೂಗಲ್‌ನಲ್ಲಿ ಲಕ್ಷಣಗಳ ಪಟ್ಟಿ ಓದಿ ಗೇಮ್ ಮಾಡಿದರೆ ಅದು ಪಟ್ಟಿಯಾಗಿಯೇ ಉಳಿಯುತ್ತದೆ.

ಬೆಣ್ಣೆದೋಸೆ

ಒಳ್ಳೆ ವಿಷಯ ಎತ್ತಿದ್ದೀರಿ. ವಿದ್ಯಾರ್ಥಿಗಳ ಗೇಮ್ ಎಂದರೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಬಿಡುವ ಹಾಗಿಲ್ಲ. ಶಾಂಘೈಯಿಂದ ಬಂದು ಅಲ್ಲಿ ಓದುತ್ತಿದ್ದ ಜೆನೋವಾ ಚೆನ್ 2005ರಲ್ಲಿ ಗೆಳೆಯರ ಜೊತೆ 'ಕ್ಲೌಡ್' ಮಾಡಿದರು. ಆಸ್ಪತ್ರೆ ಹಾಸಿಗೆಯಲ್ಲಿ ಮಲಗಿರುವ ಹುಡುಗ ಕನಸಿನಲ್ಲಿ ಮೋಡಗಳ ನಡುವೆ ಹಾರುತ್ತಾನೆ, ಅಷ್ಟೇ. ಚೆನ್‌ಗೆ ಚಿಕ್ಕಂದಿನಲ್ಲಿ ಆಸ್ತಮಾ ಇತ್ತು, ಆಸ್ಪತ್ರೆವಾಸ ಗೊತ್ತಿತ್ತು. ಮುಂದಿನ ವರ್ಷ ಅವರ ಸ್ನಾತಕೋತ್ತರ ಪ್ರಬಂಧದ ಜೊತೆ 'ಫ್ಲೋ' ಬಂತು. ಆಮೇಲೆ ಇದೇ ಮನುಷ್ಯ ಕಟ್ಟಿದ ಕಂಪನಿಯಿಂದ 2012ರಲ್ಲಿ 'ಜರ್ನಿ' ಬಂತು. ಭಾವನೆಗಳ ಗೇಮ್ ಎಂದರೆ ಈಗಲೂ ಎಲ್ಲರ ಬಾಯಲ್ಲಿ ಅದೇ ಹೆಸರು.

ಆತಂಕಕ್ಕೆ ಇನ್ನೂ ಹತ್ತಿರದ್ದು ಎರಿನ್ ರೇನಾಲ್ಡ್ಸ್ ಅದೇ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಪ್ರಬಂಧಕ್ಕಾಗಿ ಮಾಡಿದ 'ನೆವರ್‌ಮೈಂಡ್'. 2015ರಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆ ಆಯಿತು. ಆಡುವವರ ಎದೆಬಡಿತವನ್ನು ಸೆನ್ಸರ್ ಓದುತ್ತದೆ. ನೀವು ಹೆದರಿದರೆ ಗೇಮ್ ಇನ್ನೂ ಕಷ್ಟವಾಗುತ್ತದೆ. ಒಂದು ಅಡುಗೆಮನೆ ಇದೆ. ನಿಮ್ಮ ಎದೆ ಬಡಿದುಕೊಂಡರೆ ಅಲ್ಲಿ ಹಾಲು ಉಕ್ಕಿ ಬರುತ್ತದೆ, ಮುಳುಗುವಷ್ಟು. ನೀವು ಉಸಿರು ನಿಧಾನ ಮಾಡಿ ಶಾಂತರಾದರೆ ಹಾಲು ಇಳಿಯುತ್ತದೆ. ಬೇರೆ ಗೇಮ್‌ಗಳಲ್ಲಿ ಕಷ್ಟ ಬಂದರೆ ಕೈ ಚುರುಕಾಗಬೇಕು. ಇಲ್ಲಿ ಕಷ್ಟ ಬಂದಾಗ ಸುಮ್ಮನಾಗಬೇಕು.

ಆದರೆ ಮೇಡಂ, "ನಿಯಮದಲ್ಲೇ ಇರಬೇಕು" ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಜೋಯಿ ಕ್ವಿನ್ ಅವರ 'ಡಿಪ್ರೆಶನ್ ಕ್ವೆಸ್ಟ್' 2013ರಲ್ಲಿ ಬಂತು. ಅದರಲ್ಲಿ ಇರುವುದು ಹೆಚ್ಚಾಗಿ ಬರಹ. ಓದುವುದು, ಲಿಂಕ್ ಒತ್ತುವುದು. ಆದರೂ ಮನಸ್ಸಿಗೆ ತಾಕುತ್ತದೆ. ಒಳ್ಳೆಯ ಬರಹ ಇದ್ದರೆ ಸಾಕು ಎಂದು ನನ್ನ ಅಭಿಪ್ರಾಯ.

ತುಂಗಾತೀರ

@ಬೆಣ್ಣೆದೋಸೆ, 'ನೆವರ್‌ಮೈಂಡ್' ಬಗ್ಗೆ ಬರೆದದ್ದಕ್ಕೆ ಥ್ಯಾಂಕ್ಸ್. 'ಡಿಪ್ರೆಶನ್ ಕ್ವೆಸ್ಟ್' ಮಾತ್ರ ನನ್ನ ಮಾತಿಗೇ ಬಲ ಕೊಡುತ್ತದೆ ನೋಡಿ. ಅದರಲ್ಲಿ ಆಯ್ಕೆಗಳು ಹೇಗೆ ಬರುತ್ತವೆ ನೆನಪಿಸಿಕೊಳ್ಳಿ. "ಗೆಳೆಯರ ಜೊತೆ ಮನಸ್ಸು ಬಿಚ್ಚಿ ಮಾತಾಡು" ಥರದ ಒಳ್ಳೆಯ ಆಯ್ಕೆ ಪರದೆ ಮೇಲೆ ಇರುತ್ತದೆ. ಆದರೆ ಅದರ ಮೇಲೆ ಗೆರೆ ಎಳೆದಿರುತ್ತದೆ. ಕಾಣುತ್ತದೆ, ಒತ್ತಲು ಆಗುವುದಿಲ್ಲ. ಖಿನ್ನತೆ ಹೆಚ್ಚಾದ ಹಾಗೆ ಗೆರೆ ಬೀಳುವ ಆಯ್ಕೆಗಳೂ ಹೆಚ್ಚುತ್ತವೆ. ಏನು ಮಾಡಬೇಕು ಎಂದು ಗೊತ್ತಿದೆ, ಮಾಡಲು ಆಗುತ್ತಿಲ್ಲ. ಹತ್ತು ಪುಟ ಬರೆದು ವಿವರಿಸಬೇಕಾದದ್ದನ್ನು ಆ ಒಂದು ಗೆರೆ ಹೇಳಿಬಿಡುತ್ತದೆ. ಆ ಗೆರೆಯೇ ನಿಯಮ.

ಬರಹ ಚೆನ್ನಾಗಿರಬೇಕು, ಖಂಡಿತ. ಆದರೆ ಅದೇ ಬರಹವನ್ನು ಕಥೆಯಾಗಿ ಅಚ್ಚು ಹಾಕಿದರೆ ಆ ಗೆರೆಯ ಅನುಭವ ಸಿಗುತ್ತಿರಲಿಲ್ಲ.

ಧಾರವಾಡದಪ್ಪ

ನಾನು ಗೇಮ್ ಆಡುವವನಲ್ಲ. ಪಿಯುಸಿ ಓದುವ ಮಗ ಇದ್ದಾನೆ. ಅವನ ಕೈಯಿಂದ ಮೊಬೈಲ್ ಬಿಡಿಸುವುದೇ ನಮಗೆ ದೊಡ್ಡ ಕೆಲಸ ಆಗಿದೆ. ಗೇಮ್ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆ ಎಂದು ಸೇರಿಸಿದೆ ಎಂದು ಓದಿದ್ದೇನೆ. ಹಾಗಿರುವಾಗ ಮನಸ್ಸಿನ ಕಾಯಿಲೆಗೆ ಗೇಮ್ ಎನ್ನುವುದು ನನಗೆ ಅರ್ಥವಾಗುತ್ತಿಲ್ಲ. ಮೊದಲೇ ಬೇಜಾರಿನಲ್ಲಿರುವ ಮಕ್ಕಳು ಬೇಜಾರಿನ ಗೇಮ್ ಆಡಿದರೆ ಇನ್ನೂ ಕುಗ್ಗುವುದಿಲ್ಲವೇ? ವಾದಕ್ಕೆ ಕೇಳುತ್ತಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕಾಗಿದೆ.

ಮನದಮಾತು

ಧಾರವಾಡದ ಸರ್, ನಾನು ಆಪ್ತ ಸಮಾಲೋಚಕಿ, ಕಾಲೇಜು ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆ ಕೇಳಲೇಬೇಕಾದ ಪ್ರಶ್ನೆ.

ಮೊದಲು ಚಟದ ವಿಷಯ. ನೀವು ಓದಿದ್ದು ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ. 2019ರಲ್ಲಿ ಒಪ್ಪಿಗೆ ಆಯಿತು, 2022ರ ಜನವರಿಯಿಂದ ಜಾರಿ. ಆದರೆ ಜಾಸ್ತಿ ಆಡುವವರೆಲ್ಲ ಅದಕ್ಕೆ ಸೇರುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ, ಓದು, ನಿದ್ದೆ ಎಲ್ಲಕ್ಕಿಂತ ಅದೇ ಮೇಲಾಗಿರಬೇಕು, ಹಾನಿ ಕಂಡರೂ ನಿಲ್ಲಿಸಲು ಆಗದಿರಬೇಕು, ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೆದಿರಬೇಕು. ಮಗನ ಬಗ್ಗೆ ಆ ಮಟ್ಟದ ಚಿಂತೆ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 'ಶಟ್' ಕ್ಲಿನಿಕ್ ಇದೆ, 2014ರಿಂದ. ಅಷ್ಟು ದೂರ ಹೋಗುವ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇಲ್ಲಿ ಹೇಳುತ್ತಿರುವ ವಿದ್ಯಾರ್ಥಿ ಗೇಮ್‌ಗಳು ಬೇರೆ ಜಾತಿಯವು. ದಿನಾ ಬಾ, ಬಹುಮಾನ ತಗೋ, ನಾಳೆ ತಪ್ಪಿದರೆ ಹೋಯಿತು ಎಂದು ಎಳೆಯುವ ಏರ್ಪಾಟು ಇವುಗಳಲ್ಲಿ ಇರುವುದಿಲ್ಲ. ಹೆಚ್ಚಿನವು ಒಂದೇ ಕೂರುವಿಕೆಯಲ್ಲಿ ಮುಗಿಯುತ್ತವೆ.

ಎರಡನೆಯದು, ಇದರಿಂದ ವಾಸಿ ಆಗುತ್ತದಾ? ವಿದ್ಯಾರ್ಥಿಗಳ ಗೇಮಿಗೆ ಯಾರೂ ಆ ಮಾತು ಹೇಳಬಾರದು. ಚಿಕಿತ್ಸೆ ಎನ್ನಬೇಕಾದರೆ ಪರೀಕ್ಷೆ ನಡೆದಿರಬೇಕು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ತಂಡ 'ಸ್ಪಾರ್ಕ್ಸ್' ಎಂಬ ಗೇಮ್ ಮಾಡಿತು. ಖಿನ್ನತೆ ಇರುವ ಹದಿಹರೆಯದವರಿಗೆ ಅರಿವಿನ ವರ್ತನಾ ಚಿಕಿತ್ಸೆಯ (ಯೋಚಿಸುವ, ನಡೆದುಕೊಳ್ಳುವ ರೀತಿ ಬದಲಿಸಲು ಕಲಿಸುವ ಚಿಕಿತ್ಸೆ) ಪಾಠಗಳನ್ನು ಒಂದು ಕಾಲ್ಪನಿಕ ಲೋಕದ ಸಾಹಸವಾಗಿ ಕೊಡುತ್ತದೆ. 187 ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಅರ್ಧ ಮಕ್ಕಳಿಗೆ ಗೇಮ್, ಉಳಿದವರಿಗೆ ಮಾಮೂಲಿ ಸಮಾಲೋಚನೆ. ಮಾಮೂಲಿಗಿಂತ ಗೇಮ್ ಕಡಿಮೆಯೇನಲ್ಲ ಎಂದು ಬಂತು. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅದರ ಹಿಂದೆ ವೈದ್ಯರು, ಮನೋವಿಜ್ಞಾನಿಗಳು ಇದ್ದರು. ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೂ ಅದಕ್ಕೂ ಹೋಲಿಕೆ ಬೇಡ.

ಹಾಗಾದರೆ ಉಪಯೋಗ ಏನು? ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲ ಕಷ್ಟ ಹೇಳಿಕೊಳ್ಳುವುದೇ. "ಏನಾಗ್ತಿದೆ ಹೇಳು" ಎಂದರೆ "ಗೊತ್ತಿಲ್ಲ ಮೇಡಂ" ಎನ್ನುತ್ತಾರೆ. ಗೇಮ್ ತೋರಿಸಿ "ನಂಗೆ ಹಿಂಗೇ ಆಗತ್ತೆ" ಎಂದು ಹೇಳಿದವರು ಇದ್ದಾರೆ. ಮಾತು ಅಲ್ಲಿಂದ ಶುರುವಾಗುತ್ತದೆ. ಸರ್, ಸಾಧ್ಯವಾದರೆ ಮಗನ ಜೊತೆ ಕೂತು ಒಂದು ಗೇಮ್ ಆಡಿ ನೋಡಿ. ಅವನು ಕಲಿಸಲಿ, ನೀವು ಕಲಿಯಿರಿ.

ಕುಗ್ಗುವ ಮಾತಿಗೆ ಬಂದರೆ, ಆ ಅಪಾಯ ಇದೆ. ಅದಕ್ಕೇ ಶುರುವಿನಲ್ಲೇ ಇದು ಯಾವುದರ ಬಗ್ಗೆ ಎಂದು ಹೇಳಿರಬೇಕು. ಯಾವಾಗ ಬೇಕಾದರೂ ಹೊರಗೆ ಹೋಗಲು ಬಟನ್ ಇರಬೇಕು. ಆತ್ಮಹತ್ಯೆ, ಮೈಗೆ ಹಾನಿ ಮಾಡಿಕೊಳ್ಳುವುದು ಇವನ್ನು ಆಡುವವರ ಕೈಯಲ್ಲಿ ಮಾಡಿಸಬಾರದು, ವಿಧಾನ ತೋರಿಸಲೇಬಾರದು. ಈ ಮಾತಿನಲ್ಲಿ ನಾನು ತುಂಬಾ ಕಟ್ಟುನಿಟ್ಟು.

ನೀಲಿಛತ್ರಿ

ನಮಸ್ತೆ, ನಾನು ಕೊನೆಯ ವರ್ಷದ ವಿದ್ಯಾರ್ಥಿನಿ, ಹಾಸನ. ಇಲ್ಲಿ ಬರೆಯಲೋ ಬೇಡವೋ ಎಂದುಕೊಂಡೇ ಓದುತ್ತಿದ್ದೆ. ನಮ್ಮ ತಂಡದ ಗೇಮ್ ಐಡಿಯಾ ಹೇಳುತ್ತೇನೆ, ದಯವಿಟ್ಟು ನೋಡಿ.

ಸಂಜೆ ಬಸ್ಸು, ತುಂಬಿದೆ. ನೀವು ಮಧ್ಯದಲ್ಲಿ ನಿಂತಿದ್ದೀರಿ. ಕಂಡಕ್ಟರ್ ಹಿಂದೆ ಟಿಕೆಟ್ ಕೊಡುತ್ತಿದ್ದಾರೆ. ನಿಮ್ಮ ಸ್ಟಾಪ್ ಬರುತ್ತಿದೆ. ಅಲ್ಲಿ ಇಳಿಯುವವರು ನೀವೊಬ್ಬರೇ. "ಇಳಿಯೋರು ಇದ್ದಾರೆ" ಎಂದು ಕೂಗಬೇಕು. ಸ್ಪೇಸ್ ಬಾರ್ ಒತ್ತಿ ಹಿಡಿದರೆ ದನಿ ಏರುತ್ತದೆ. ದನಿ ಏರಿದ ಹಾಗೆ ಬಸ್ಸಿನಲ್ಲಿರುವವರು ಒಬ್ಬೊಬ್ಬರಾಗಿ ನಿಮ್ಮ ಕಡೆ ತಿರುಗುತ್ತಾರೆ. ತಿರುಗಿದ ಮುಖಗಳು ಹೆಚ್ಚಾದಷ್ಟೂ ಪರದೆ ಕಿರಿದಾಗುತ್ತದೆ, ಎದೆಬಡಿತ ಕೇಳುತ್ತದೆ. ಕೈ ಬಿಟ್ಟರೆ ತಕ್ಷಣ ಎಲ್ಲ ಶಾಂತ. ಆದರೆ ಸ್ಟಾಪ್ ದಾಟಿ ಹೋಗುತ್ತದೆ. ಮುಂದಿನ ಸ್ಟಾಪಿನಿಂದ ಕತ್ತಲಲ್ಲಿ ವಾಪಸ್ ನಡೆಯಬೇಕು. ನಡೆಯುವುದನ್ನೂ ಆಡಿಸುತ್ತೇವೆ, ಬೇಗ ಮುಗಿಸಲು ಬಿಡುವುದಿಲ್ಲ.

ಕೇಳಿದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಅಲ್ಲ.

ನಮ್ಮ ಗೊಂದಲ ಕೊನೆಯದು. ಕೊನೆಗೆ ಜೋರಾಗಿ ಕೂಗಿ ಭಯ ಪೂರ್ತಿ ಹೋಗಬೇಕು ಎಂದು ಗೈಡ್ ಸರ್ ಹೇಳುತ್ತಾರೆ. ಹಾಗೆ ಆಗುವುದೇ ಇಲ್ಲ, ಕೊನೆಯವರೆಗೂ ಸ್ಟಾಪ್ ತಪ್ಪುತ್ತಲೇ ಇರಲಿ ಎಂದು ನನ್ನ ಗೆಳತಿ ಹೇಳುತ್ತಾಳೆ.

ಕಾಡುಕಾಫಿ

@ನೀಲಿಛತ್ರಿ, ಎಷ್ಟು ಒಳ್ಳೆಯ ಐಡಿಯಾ! ನಮ್ಮೂರ ಬಸ್ಸು, ನಮ್ಮೂರ ಕಂಡಕ್ಟರು. ಹೊರಗಿನಿಂದ ತಂದದ್ದು ಏನೂ ಇಲ್ಲ.

ನಾನು ಬೆಂಗಳೂರಿನಲ್ಲಿ ಗೇಮ್ ಸ್ಟುಡಿಯೋ ಒಂದರಲ್ಲಿ ಡಿಸೈನರ್. ಒಂದು ಎಚ್ಚರಿಕೆ ಹೇಳಬೇಕು. "ಇದನ್ನು ಆಡಿದರೆ ಬೇರೆಯವರ ನೋವು ನಿಮಗೆ ಗೊತ್ತಾಗುತ್ತದೆ" ಎಂದು ಪೋಸ್ಟರಿನಲ್ಲಿ ಬರೆಯಬೇಡಿ. ಅನ್ನಾ ಆಂಥ್ರೊಪಿ 2012ರಲ್ಲಿ 'ಡಿಸ್ಫೋರಿಯಾ' (ಹುಟ್ಟಿನ ಲಿಂಗ ತನ್ನದಲ್ಲ ಅನ್ನಿಸುವ ಸಂಕಟ) ಎನ್ನುವ ಅರ್ಥದ ಹೆಸರಿನ ಪುಟ್ಟ ಗೇಮಿನಲ್ಲಿ ತಮ್ಮ ಹಾರ್ಮೋನ್ ಚಿಕಿತ್ಸೆಯ ದಿನಗಳನ್ನು ಹೇಳಿದ್ದರು. ಅದನ್ನು ಆಡಿದವರು ಟ್ರಾನ್ಸ್ ಆಗಿ ಬದುಕುವುದು ಏನೆಂದು ತಮಗೆ ಗೊತ್ತಾಯಿತು ಎನ್ನಲು ಶುರು ಮಾಡಿದರು. ಆಗ ಅವರು ಒಂದು ಪ್ರದರ್ಶನದಲ್ಲಿ ತಮ್ಮ ಹಳೆಯ ಬೂಟುಗಳನ್ನೇ ಇಟ್ಟರು. ಹಾಕಿಕೊಂಡು ನಡೆಯಿರಿ, ನಡೆದ ಮೈಲಿಗೆ ಒಂದು ಅಂಕ ಎಂದರು. ಕೆಲವು ನಿಮಿಷ ಆಡಿ ಒಬ್ಬರ ಬದುಕು ಅರಿತೆ ಎನ್ನುವುದು ಎಷ್ಟು ಪೊಳ್ಳು ಎಂದು ತೋರಿಸಿದರು. ಅದರಲ್ಲಿ ತುಂಬಾ ಸತ್ಯ ಇದೆ.

ಹಾಗೆಂದು ಮಾಡುವುದೇ ಬೇಡ ಎಂದಲ್ಲ. ನಿಕಿ ಕೇಸ್ ಅವರ 'ಅಡ್ವೆಂಚರ್ಸ್ ವಿತ್ ಆಂಗ್ಸೈಟಿ' ಆಡಿ ನೋಡಿ. 2019ರದು, ಬ್ರೌಸರ್‌ನಲ್ಲೇ ಉಚಿತ. ಅದರಲ್ಲಿ ನೀವು ಆತಂಕ ಪಡುವ ಮನುಷ್ಯರಲ್ಲ, ನೀವೇ ಆತಂಕ! ಕೆಂಪು ತೋಳದ ರೂಪದಲ್ಲಿ ಇರುತ್ತೀರಿ. ನಿಮ್ಮ ಮನುಷ್ಯನನ್ನು ಕಾಪಾಡುವುದು ನಿಮ್ಮ ಕೆಲಸ. ಪಾರ್ಟಿಗೆ ಹೋದರೆ ಯಾರೂ ಇಷ್ಟಪಡುವುದಿಲ್ಲ, ನೀನು ಕೆಟ್ಟವನು, ನಿನಗೆ ಏನೋ ಆಗುತ್ತೆ ಎಂದು ಕೂಗುತ್ತಲೇ ಇರಬೇಕು. ಆಡುತ್ತಾ ಆಡುತ್ತಾ ಈ ತೋಳಕ್ಕೆ ಕೆಡುಕು ಮಾಡುವ ಉದ್ದೇಶ ಇಲ್ಲ, ಅದಕ್ಕೇ ಹೆದರಿಕೆ ಎಂದು ಗೊತ್ತಾಗುತ್ತದೆ. ತುಂಗಾತೀರ ಮೇಡಂ ಹೇಳಿದ ರಾಕ್ಷಸನ ಗೇಮಿಗೆ ಇದು ನೇರ ಉತ್ತರ. ಯಾರನ್ನೂ ಕೊಲ್ಲಬೇಕಿಲ್ಲ.

ಇನ್ನೊಂದು ಒಳ್ಳೆಯ ಸಂಗತಿ, ನಿಕಿ ಕೇಸ್ ಅದರ ಮೇಲೆ ಹಕ್ಕು ಇಟ್ಟುಕೊಂಡಿಲ್ಲ, ಸಾರ್ವಜನಿಕರಿಗೆ ಬಿಟ್ಟಿದ್ದಾರೆ. ಯಾರು ಬೇಕಾದರೂ ಅನುವಾದ ಮಾಡಬಹುದು. ಕನ್ನಡಕ್ಕೆ ತರುವುದೇ ಒಂದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ಮನದಮಾತು

@ನೀಲಿಛತ್ರಿ, ನಿಮ್ಮ ಗೇಮಿನಲ್ಲಿ ಒಂದು ವಿಷಯ ತುಂಬಾ ಸರಿಯಾಗಿ ಬಂದಿದೆ. ಕೈ ಬಿಟ್ಟ ತಕ್ಷಣ ನಿರಾಳ ಆಗುತ್ತದೆ ಎಂದಿರಲ್ಲ, ಆತಂಕ ಬೆಳೆಯುವುದೇ ಆ ನಿರಾಳದಿಂದ. ತಪ್ಪಿಸಿಕೊಂಡೆ, ಬದುಕಿದೆ ಎಂದು ಮನಸ್ಸು ಕಲಿಯುತ್ತದೆ. ಮುಂದಿನ ಸಲ ಇನ್ನೂ ಬೇಗ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ದಿನ ಬೇಡ, ಕೆಲವು ದಿನಗಳನ್ನು ಇಡಿ. ಕೈ ಬಿಟ್ಟ ದಿನದ ಮರುದಿನ ಮುಖಗಳು ಇನ್ನೂ ಬೇಗ ತಿರುಗಲಿ.

ಕೊನೆಯ ಬಗ್ಗೆ. ಗೈಡ್ ಹೇಳಿದ ಹಾಗೆ ಭಯ ಒಂದೇ ಸಲಕ್ಕೆ ಮಾಯ ಆಗುವುದಿಲ್ಲ. ಗೆಳತಿ ಹೇಳಿದ ಹಾಗೆ ಏನೂ ಬದಲಾಗುವುದೇ ಇಲ್ಲ ಎನ್ನುವುದೂ ನಿಜವಲ್ಲ, ಆತಂಕಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಪೂರ್ತಿ ಕೂಗಿದರೆ ಏನಾಗುತ್ತದೆ ಎಂದು ಯೋಚಿಸಿ. ಎಲ್ಲರೂ ತಿರುಗುತ್ತಾರೆ. ಆಮೇಲೆ? ಒಂದೆರಡು ಸೆಕೆಂಡಿನಲ್ಲಿ ಮತ್ತೆ ತಮ್ಮ ಮೊಬೈಲಿಗೆ, ಕಿಟಕಿಗೆ ಮುಖ ತಿರುಗಿಸುತ್ತಾರೆ. ಕೈ ಬಿಟ್ಟವರಿಗೆ ಈ ಭಾಗ ಕಾಣುವುದೇ ಇಲ್ಲ. ಕೊನೆವರೆಗೂ ಹಿಡಿದವರಿಗೆ ಮಾತ್ರ ಕಾಣುತ್ತದೆ. ನಾವು ಚಿಕಿತ್ಸೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಭಯದ ಎದುರು ನಿಲ್ಲಿಸುವುದು ಇದನ್ನು ಕಾಣಿಸಲಿಕ್ಕೇ. ಎದೆಬಡಿತದ ಸದ್ದನ್ನು ತೆಗೆಯಬೇಡಿ. ಅದು ಇರಲಿ, ಇದ್ದರೂ ಇಳಿಯಬಹುದು.

ಸೂಜಿಮಲ್ಲಿಗೆ

ಪಕ್ಕದಲ್ಲಿ ನಿಂತ ಅಜ್ಜಿ ಒಬ್ಬರು ನಿಮ್ಮ ಪರವಾಗಿ "ಏ, ಇಲ್ಲಿ ಹುಡುಗಿ ಇಳೀಬೇಕಂತೆ" ಎಂದು ಕೂಗಿದರೆ? ನಮ್ಮ ಬಸ್ಸುಗಳಲ್ಲಿ ಅದು ಆಗೇ ಆಗುತ್ತದೆ. ಅದನ್ನು ಬಿಟ್ಟರೆ ಬಸ್ಸು ಪೂರ್ತಿ ಆಗಲಿಲ್ಲ ಅನ್ನಿಸುತ್ತದೆ.

ಮನದಮಾತು

ಚೆನ್ನಾಗಿದೆ. ಆದರೆ ಯಾವಾಗಲೂ ಅಜ್ಜಿಯೇ ಕೂಗಿದರೆ ಹುಡುಗಿ ಕೂಗುವುದೇ ಇಲ್ಲ. ಮನೆಗಳಲ್ಲಿ ನಡೆಯುವುದೂ ಅದೇ. ಪ್ರೀತಿಯಿಂದ ಅವರ ಪರವಾಗಿ ಎಲ್ಲ ಮಾತನ್ನೂ ನಾವೇ ಆಡಿಬಿಡುತ್ತೇವೆ. ಹುಡುಗಿ ಸಣ್ಣ ದನಿಯಲ್ಲಾದರೂ ಶುರು ಮಾಡಿದರೆ ಮಾತ್ರ ಅಜ್ಜಿ ದನಿಗೂಡಿಸಲಿ. ಇದನ್ನೇ ನಿಯಮವಾಗಿ ಇಡಬಹುದು ನೋಡಿ.

ತುಂಗಾತೀರ

ಇದು ನನಗೆ ಬಹಳ ಇಷ್ಟವಾಯಿತು. ಮನೆಯವರು ಎಷ್ಟು ಸಹಾಯ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವ ದೊಡ್ಡ ಪ್ರಶ್ನೆ ಒಂದು ಅಜ್ಜಿಯ ಪಾತ್ರದಲ್ಲಿ ಬಂದುಬಿಟ್ಟಿತು.

ಪಾಠ ಮಾಡುವವರಿಗೆ ನನ್ನದೊಂದು ವಿನಂತಿ ಇದೆ. "ಇದು ನಿಮ್ಮದೇ ಅನುಭವವಾ?" ಎಂದು ವೈವಾದಲ್ಲಿ ಎಲ್ಲರ ಮುಂದೆ ಕೇಳಬೇಡಿ. ನೀಲಿಛತ್ರಿ "ನನಗೆ ಅಲ್ಲ" ಎಂದು ಇಲ್ಲಿ ಬರೆದದ್ದು ಅವರ ಇಷ್ಟ. ತರಗತಿಯಲ್ಲಿ ಅಂಕಕ್ಕಾಗಿ ಅದನ್ನು ಹೇಳಿಸುವುದು ಅನ್ಯಾಯ. ನಾನು ಅಂಕ ಕೊಡುವುದು ನಿಯಮ ಎಷ್ಟು ಯೋಚಿಸಿ ಮಾಡಿದ್ದಾರೆ, ಎಷ್ಟು ಜನರಿಗೆ ಆಡಿಸಿ ತಿದ್ದಿದ್ದಾರೆ ಎಂಬುದಕ್ಕೆ. ಯಾರ ನೋವು ಎಷ್ಟು ದೊಡ್ಡದು ಎಂಬುದಕ್ಕೆ ಅಂಕ ಕೊಡಲು ಆಗುತ್ತದಾ? ಗೆಳೆಯರ ಕಥೆ ತೆಗೆದುಕೊಂಡಿದ್ದರೆ ಅವರನ್ನು ಕೇಳಿ, ತೋರಿಸಿ, ಒಪ್ಪಿಗೆ ಪಡೆದ ಮೇಲೆಯೇ ಹೊರಗೆ ಬಿಡಬೇಕು.

ಒತ್ತಕ್ಷರ

ಇಷ್ಟೆಲ್ಲ ಆದ ಮೇಲೆ ಕನ್ನಡದಲ್ಲಿ ಹೇಗೆ ಮಾಡುವುದು ಎನ್ನುವ ಮಾತು ಬರಬೇಕಲ್ಲ. ಮಕ್ಕಳು ಗೇಮ್ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವುದು ಯಾಕೆ ಗೊತ್ತಾ? ಅಕ್ಷರ ಒಡೆಯುತ್ತದೆ. ಗೇಮ್ ಮಾಡುವ ಸಾಫ್ಟ್‌ವೇರ್ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊನಲ್ಲಿ "ಅಮ್ಮ" ಎಂದು ಹಾಕಿ ನೋಡಿ. ಒತ್ತು ಕೆಳಗೆ ಬರುವುದಿಲ್ಲ, ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ಫಾಂಟ್ ಬದಲಿಸಿದರೂ ಸರಿಹೋಗುವುದಿಲ್ಲ. ಅಕ್ಷರಗಳನ್ನು ಜೋಡಿಸುವ ಕೆಲಸವನ್ನೇ ಅದು ಮಾಡುತ್ತಿಲ್ಲ.

ಬರಹವೇ ಮುಖ್ಯವಾದ ಗೇಮ್ ಆದರೆ ಟ್ವೈನ್ ಬಳಸಿ. ಕ್ರಿಸ್ ಕ್ಲಿಮಾಸ್ 2009ರಲ್ಲಿ ಮಾಡಿದ ಉಚಿತ ಸಾಧನ. 'ಡಿಪ್ರೆಶನ್ ಕ್ವೆಸ್ಟ್' ಆಗಿದ್ದೂ ಅದರಲ್ಲೇ. ಪ್ರೋಗ್ರಾಮಿಂಗ್ ಬಾರದವರೂ ಒಂದು ಮಧ್ಯಾಹ್ನದಲ್ಲಿ ಶುರು ಮಾಡಬಹುದು. ಕೊನೆಗೆ ಸಿಗುವುದು ಒಂದು ಎಚ್‌ಟಿಎಂಎಲ್ ಫೈಲ್, ಅಂದರೆ ಕನ್ನಡ ತೋರಿಸುವ ಕೆಲಸ ಬ್ರೌಸರಿನದು. ಒತ್ತಕ್ಷರ ಸರಿಯಾಗಿ ಬರುತ್ತದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತ ಫಾಂಟ್‌ಗಳು, ಪರದೆ ಮೇಲೆ ಓದಲು ಚೆನ್ನಾಗಿವೆ.

ನೀಲಿಛತ್ರಿಯವರ ಬಸ್ಸಿನ ಥರದ ಗೇಮಿಗೆ ಗೋಡೋ ಬಳಸಿ, ಅದು ಗೇಮ್ ಮಾಡುವ ಉಚಿತ ಸಾಫ್ಟ್‌ವೇರ್. ಅದರ 4ನೇ ಆವೃತ್ತಿ 2023ರಲ್ಲಿ ಬಂದ ಮೇಲೆ ಕನ್ನಡ ಅಕ್ಷರ ಜೋಡಣೆ ಸರಿಯಾಗಿದೆ. 3ನೇ ಆವೃತ್ತಿ ಬೇಡ.

ಒಂದು ಸಣ್ಣ ಸಲಹೆ, ಯಾರೂ ಹೇಳುವುದಿಲ್ಲ. ಒಂದೊಂದೇ ಅಕ್ಷರ ಟೈಪ್ ಆಗುತ್ತಾ ಬರುವ ಎಫೆಕ್ಟ್ ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ಮೊದಲು ಬರಿ "ಮ" ಬಂದು, ಆಮೇಲೆ ಅದು "ಮ್" ಆಗಿ, ಆಮೇಲೆ "ಮ್ಮ" ಆಗುತ್ತದೆ. ಅಕ್ಷರ ಕಣ್ಣೆದುರೇ ಕುಣಿಯುತ್ತದೆ, ಓದುವವರ ಗಮನ ಪೂರ್ತಿ ಅಲ್ಲಿಗೇ ಹೋಗುತ್ತದೆ. ಪದ ಪದವಾಗಿ ತೋರಿಸಿ. ನಿಧಾನದ ಓದೂ ಸಿಗುತ್ತದೆ, ಅಕ್ಷರವೂ ಒಡೆಯುವುದಿಲ್ಲ.

ಧಾರವಾಡದಪ್ಪ

ಎಲ್ಲರ ಮಾತನ್ನೂ ಓದಿದೆ. ಆ ತೋಳದ ಗೇಮನ್ನು ಮಗನ ಜೊತೆ ಆಡಲು ಕೂತೆ. ಇಂಗ್ಲಿಷ್ ಬೇಗ ಬೇಗ ಓದಲು ನನಗೆ ಆಗಲಿಲ್ಲ, ಅವನೇ ಓದಿ ಕನ್ನಡದಲ್ಲಿ ಹೇಳಿದ. ಮುಗಿದ ಮೇಲೆ ಸಿಇಟಿ ಬಗ್ಗೆ ಒಂದೆರಡು ಮಾತು ತಾನಾಗಿ ಆಡಿದ. ಏನು ಹೇಳಿದ ಎಂದು ಇಲ್ಲಿ ಬರೆಯುವುದಿಲ್ಲ, ಅದು ಅವನದು. ಮನದಮಾತು ಮೇಡಂ, ನಿಮಗೆ ತುಂಬಾ ಧನ್ಯವಾದ. ಕನ್ನಡ ಅನುವಾದ ಯಾರಾದರೂ ಕೈಗೆತ್ತಿಕೊಂಡರೆ ತಿಳಿಸಿ. ಕರಡು ಓದಿ ತಿದ್ದಲು ನಾನು ಸಿದ್ಧ, ನಾನು ಕನ್ನಡ ಮೇಷ್ಟ್ರು.

ಕಾಡುಕಾಫಿ

ಮೇಷ್ಟ್ರೇ, ನಾನು ಕೈಗೆತ್ತಿಕೊಳ್ಳುತ್ತೇನೆ. ಮೊದಲ ಭಾಗದ ಮಾತುಗಳನ್ನು ಹಂಚಿಕೊಂಡ ಹಾಳೆಯಲ್ಲಿ ಹಾಕಿ ಇಲ್ಲೇ ಕೊಂಡಿ ಕೊಡುತ್ತೇನೆ. ತೋಳದ ಮಾತು ಪುಸ್ತಕದ ಭಾಷೆಯಲ್ಲಿ ಬೇಡ, ಮನೆಮಾತಿನ ಹಾಗೆ ಇರಲಿ ಎಂದು ನನ್ನ ಆಸೆ.

ನೀಲಿಛತ್ರಿ

ಎಲ್ಲರಿಗೂ ಥ್ಯಾಂಕ್ಸ್. ತಂಡದವರಿಗೆ ಇದನ್ನೆಲ್ಲ ತೋರಿಸಿದೆ. ಕೆಲವು ದಿನಗಳ ಕಥೆ ಮಾಡುತ್ತೇವೆ, ಅಜ್ಜಿ ಬರುತ್ತಾರೆ, ಹುಡುಗಿ ಶುರು ಮಾಡಿದರೆ ಮಾತ್ರ ಕೂಗುತ್ತಾರೆ. ಮುಖಗಳು ವಾಪಸ್ ತಿರುಗುವುದನ್ನು ನನ್ನ ಗೆಳತಿ ಆಗಲೇ ಅನಿಮೇಟ್ ಮಾಡುತ್ತಿದ್ದಾಳೆ. ಗೈಡ್ ಸರ್‌ಗೂ ಒಪ್ಪಿಗೆ ಆಯಿತು.

ಒಂದು ಪ್ರಶ್ನೆ ಉಳಿದಿದೆ. ಸ್ಪೇಸ್ ಬಾರ್ ಬದಲು ಮೈಕ್ ಬಳಸಿ ಆಡುವವರೇ ನಿಜವಾಗಿ ಕೂಗುವ ಹಾಗೆ ಮಾಡಬಹುದಾ? ಪ್ರದರ್ಶನದ ದಿನ ಲ್ಯಾಬಿನಲ್ಲಿ ಎಲ್ಲರ ಮುಂದೆ "ಇಳಿಯೋರು ಇದ್ದಾರೆ" ಎನ್ನಬೇಕು.

ಒತ್ತಕ್ಷರ

ಆಗುತ್ತದೆ. ಗೋಡೋದಲ್ಲಿ ಮೈಕಿನ ದನಿಯ ಮಟ್ಟ ಓದಬಹುದು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ಇನ್‌ಪುಟ್ ಆನ್ ಮಾಡಬೇಕು. ಮಾತನ್ನು ಗುರುತಿಸುವ ಗೋಜಿಗೆ ಹೋಗಬೇಡಿ, ದನಿ ಎಷ್ಟು ಏರಿತು ಎಂಬುದೊಂದೇ ಸಾಕು. ಲ್ಯಾಬಿನ ಗದ್ದಲವನ್ನು ಶುರುವಿನಲ್ಲೇ ಅಳೆದು ಅದನ್ನು ಕಳೆಯಿರಿ, ಇಲ್ಲದಿದ್ದರೆ ಫ್ಯಾನಿನ ಸದ್ದಿಗೇ ಬಸ್ಸು ನಿಂತುಬಿಡುತ್ತದೆ.

ಮನದಮಾತು

ಮೈಕ್ ಒಳ್ಳೆಯ ಯೋಚನೆ, ಆದರೆ ಸ್ಪೇಸ್ ಬಾರನ್ನೂ ಇಡಿ. ಯಾವುದರಲ್ಲಿ ಆಡುತ್ತೀರಿ ಎಂದು ಶುರುವಿನಲ್ಲೇ ಕೇಳಿ. ಯಾರ ಬಗ್ಗೆ ಈ ಗೇಮ್ ಮಾಡಿದ್ದೀರೋ ಅವರೇ ಲ್ಯಾಬಿನ ಬಾಗಿಲಿಂದ ವಾಪಸ್ ಹೋಗುವ ಹಾಗೆ ಆಗಬಾರದು.

ನೀಲಿಛತ್ರಿ

ಸರಿ ಮೇಡಂ, ಎರಡೂ ಇಡುತ್ತೇವೆ. ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಆಡುವ ಒಂದು ಸಿಸ್ಟಮ್ ಮೂಲೆಯಲ್ಲಿ ಇಡಲು ಸರ್‌ನ ಕೇಳುತ್ತೇನೆ.